ಮುಗಿಯದ ಮೂರನೆಯ ದಿನ

"ಗುರುಗಳೇ, ನನ್ನ ಆಟದಿಂದ ಕ್ಯಾಲೆಂಡರನ್ನು ತೆಗೆದುಬಿಡಲೇ?" ಎಂದು ಇಂದುಧರ ಕೇಳಿದ.

ಅವನು ವೀರರು, ಮಾಟಗಾರರು ಇರುವ ಕಂಪ್ಯೂಟರ್ ಆಟವೊಂದನ್ನು ಕಟ್ಟುತ್ತಿದ್ದ. ಗುರುಗಳು ಅಂಥ ಆಟಗಳನ್ನು ದಾಳ, ಕಾಗದ ಇಟ್ಟುಕೊಂಡು ನಲವತ್ತು ವರ್ಷ ಆಡಿಸಿದವರು.

"ಯಾಕೆ?"

"ಆಡುವವರು ಬೈಯುತ್ತಾರೆ. ಇಷ್ಟು ದಿನದೊಳಗೆ ಮುಗಿಸು ಅಂದರೆ ಊರು ಸುತ್ತಲು ಪುರುಸೊತ್ತಿಲ್ಲ ಅನ್ನುತ್ತಾರೆ. ಆಟದೊಳಗೆ ದಿನವೇ ಕಳೆಯದಿದ್ದರೆ ಯಾರಿಗೂ ನಷ್ಟವಿಲ್ಲ."

"ಕೂತುಕೋ," ಎಂದು ಗುರುಗಳು ಕತೆ ಹೇಳಿದರು.

ಒಬ್ಬ ರಾಜನ ಮಗಳಿಗೆ ಜ್ವರ ಬಂತು. ಏಳು ದಿನದೊಳಗೆ ಬೆಟ್ಟದ ಬೇರು ಬಂದರೆ ಬದುಕುತ್ತಾಳೆ, ಇಲ್ಲವಾದರೆ ಇಲ್ಲ ಎಂದ ವೈದ್ಯ. ಒಬ್ಬ ವೀರ ಬೇರು ತರಲು ಹೊರಟ.

ಆ ರಾಜ್ಯದಲ್ಲಿ ಬೆಳಗ್ಗೆ ಅರಮನೆಯ ನಗಾರಿ ಬಾರಿಸಿದರೆ ಮಾತ್ರ ಹೊಸ ದಿನ. ಬಾರಿಸದಿದ್ದರೆ ಸೂರ್ಯ ಎಷ್ಟು ಸಲ ಹುಟ್ಟಿದರೂ ಅದೇ ದಿನ. ಮೂರನೆಯ ದಿನ ರಾಜನಿಗೆ ಭಯವಾಯಿತು. ಬೇರು ಬರುವವರೆಗೆ ನಗಾರಿ ಮುಟ್ಟಬೇಡಿ ಎಂದ.

ನಾಲ್ಕನೆಯ ದಿನ ಸಂತೆ ನಡೆಯಬೇಕಿತ್ತು. ವ್ಯಾಪಾರಿಗಳು ಗಂಟು ಬಿಚ್ಚದೆ ಕಾದು ಕೂತರು. ಹೆಪ್ಪು ಹಾಕಿದ ಹಾಲು ಹಾಲಾಗಿಯೇ ಉಳಿಯಿತು.

ವೀರ ಹೊಳೆಯ ದಡದಲ್ಲಿದ್ದ. ನಗಾರಿ ಕೇಳಲಿಲ್ಲ. ಒಬ್ಬ ಮುದುಕಿಯ ಕಳೆದುಹೋದ ಮೇಕೆ ಹುಡುಕಿಕೊಟ್ಟ. ಕತ್ತಿಗೆ ಹೊಸ ಹಿಡಿ ಹಾಕಿಸಿದ. ಮೀನು ಹಿಡಿಯುವುದನ್ನು ಕಲಿತ. ಚೆನ್ನಾಗಿಯೇ ಕಲಿತ.

ಅಂಬಿಗ ಕೇಳಿದ: "ಏನಪ್ಪಾ ಶೂರ, ಬೇರು ತರಲು ಹೊರಟವನು ನೀನೇ ತಾನೇ?"

"ನಾನೇ. ಇನ್ನೂ ಮೂರನೆಯ ದಿನ. ಅವಸರ ಯಾಕೆ?"

"ನಿನಗೇನು! ನನ್ನ ಹೆಂಡತಿಗೆ ಹೆರಿಗೆ ನಾಳೆ ಅಂದಿದ್ದರು. ಆ ನಾಳೆ ಬರಲೇ ಇಲ್ಲ. ಹೊಟ್ಟೆ ಹೊತ್ತು ಅವಳಿಗೂ ಸಾಕಾಗಿದೆ, ಬೈಸಿಕೊಂಡು ನನಗೂ ಸಾಕಾಗಿದೆ."

ವೀರ ನಕ್ಕು ಮತ್ತೆ ಗಾಳ ಎಸೆದ.

ಅರಮನೆಯಲ್ಲಿ ಹುಡುಗಿಯ ಜ್ವರ ಏರಲಿಲ್ಲ, ಇಳಿಯಲೂ ಇಲ್ಲ. ಮೈ ಸುಡುತ್ತಲೇ ಇತ್ತು. ಎಷ್ಟು ಬೆಳಗು ಹಾಗೆ ಕಳೆದವೋ, ಎಣಿಸಿದವರಿಲ್ಲ. ಒಂದು ಬೆಳಗ್ಗೆ ಅವಳು ಗೋಡೆ ಹಿಡಿದು ಎದ್ದಳು.

"ಎಲ್ಲಿಗೆ ಮಗಳೇ?" ಎಂದ ರಾಜ.

"ನಗಾರಿ ಬಾರಿಸಲು."

"ಬೇಡಮ್ಮಾ. ಏಳು ದಿನ ಕಳೆದುಹೋದರೆ?"

"ವಾಸಿಯಾಗಲೂ ನಾಳೆ ಬೇಕಲ್ಲ, ಅಪ್ಪಾ."

ರಾಜ ದಾರಿ ಬಿಟ್ಟ. ಅವಳು ಬಾರಿಸಿದಳು.

ನಾಲ್ಕನೆಯ ದಿನ ಹುಟ್ಟಿತು. ಸಂತೆ ನೆರೆಯಿತು. ಅಂಬಿಗನ ಹೆಂಡತಿ ಹೆತ್ತಳು. ವೀರ ಗಾಳ ಬಿಸಾಡಿ ಓಡಿದ. ಐದನೆಯ ದಿನ ಬೆಟ್ಟ ಹತ್ತಿದ. ಏಳನೆಯ ದಿನ ಹೊತ್ತು ಮುಳುಗುವ ಮುಂಚೆ ಬೇರು ತಂದು ವೈದ್ಯನ ಕೈಗಿಟ್ಟ. ಹುಡುಗಿ ಬದುಕಿದಳು.

ಇಂದುಧರ ಉಸಿರು ಬಿಟ್ಟ. "ಸದ್ಯ, ಬಂದನಲ್ಲ. ಇನ್ನೊಂದು ದಿನ ತಡವಾಗಿದ್ದರೆ ಏನಾಗುತ್ತಿತ್ತು ಗುರುಗಳೇ?"

"ಸಾಯುತ್ತಿದ್ದಳು, ಅವನು ಓಡಿದ್ದು ಅದಕ್ಕೇ," ಎಂದರು ಗುರುಗಳು.