ನೀಲಿ ಡಬ್ಬಿಯ ರಿಂಗು

ನಿನ್ನೆ ನನಗೊಂದು ಆಯ್ತು ನೋಡಿ, ಹೇಳಿದ್ರೆ ಯಾರೂ ನಂಬಲ್ಲ. ನನಗೇ ಇನ್ನೂ ನಂಬೋಕಾಗ್ತಿಲ್ಲ. ಇರಿ, ಮೊದಲಿಂದ ಹೇಳ್ತೀನಿ, ಇಲ್ಲಾಂದ್ರೆ ಎಲ್ಲಾ ಕಲಸಿಹೋಗುತ್ತೆ.

ನಾನು ರೆನ್. ಚೀನಾದಲ್ಲಿ, ಒಂದು ನದಿ ದಂಡೇಲಿ ನಮ್ಮ ಕಾರ್ಖಾನೆ. ವಿಮಾನ ಮಾಡ್ತೀವಿ. ರೆಕ್ಕೆ ನಮ್ದು, ಎಂಜಿನ್ ನಮ್ದು, ಸೀಟಿನ ಬಟ್ಟೆ ಕೂಡ ನಮ್ದು. ಒಂದೇ ಒಂದು ಬಾಕಿ. ಚಕ್ರ ಇಳಿಸೋ ಸಿಲಿಂಡರಲ್ಲಿ ಎಣ್ಣೆ ಸೋರದ ಹಾಗೆ ತಡೆಯೋ ರಬ್ಬರ್ ರಿಂಗು. ಮಗುವಿನ ಬಳೆಯಷ್ಟು ಇರುತ್ತೆ, ಅಷ್ಟೇ. ಅದು ಹೊರದೇಶದಿಂದ ಬರ್ತಿತ್ತು. ಮೂರು ವರ್ಷದ ಹಿಂದೆ ಅವರು ಕೊಡೋದು ನಿಲ್ಲಿಸಿದ್ರು. ವಿಮಾನ ಶೆಡ್ಡಲ್ಲೇ ನಿಂತ್ಕೊಳ್ತು.

ಆ ರಿಂಗು ಮಾಡೋದು ನನ್ನ ಕೆಲಸ. ಕಲಿಸೋರು ಫಾಂಗ್ ಗುರುಗಳು. ಎಪ್ಪತ್ತು ದಾಟಿದೆ. ದಿನಕ್ಕೆ ಹತ್ತು ಮಾತಾಡಿದ್ರೆ ಹೆಚ್ಚು. ನಾನು ಹೇಗೆ ಅಂತ ನೋಡ್ತಿದ್ದೀರಲ್ಲ.

ನಲವತ್ತು ಸಲ ರಬ್ಬರ್ ಹದ ಮಾಡಿದೆ. ಪ್ರತಿ ಹದಕ್ಕೂ ನಾಲ್ಕೈದು ರಿಂಗು ತೆಗೆದು, ಒಂದನ್ನ ಸಿಲಿಂಡರಿಗೆ ಹಾಕ್ತಿದ್ದೆ. ನಲವತ್ತು ಸಲವೂ ಸೋರ್ತು. ಸೊನ್ನೆಗಿಂತ ಐವತ್ತು ಡಿಗ್ರಿ ಕೆಳಗಿರೋ ಚಳಿಪೆಟ್ಟಿಗೇಲಿ ಸಿಲಿಂಡರ್ ಎಂಟು ಗಂಟೆ ಇರಬೇಕು. ನನಗೆಲ್ಲಿ ತಡೆಯುತ್ತೆ? ಗಂಟೆಗೊಂದು ಸಲ ಬಿಚ್ಚಿ ರಿಂಗು ನೋಡಿ, ಮತ್ತೆ ಹಾಕ್ತಿದ್ದೆ.

ಪರೀಕ್ಷೆ ಬರ್ಕೊಳ್ಳೋ ಮೇಯ್ ಅಕ್ಕ ನಗ್ತಿದ್ಲು. "ಅನ್ನ ಬೆಂತಾ ಅಂತ ನೋಡ್ತಿದ್ದೀಯೇನೋ? ಬಿಚ್ಚಬೇಡ, ಬಿಡೋ."

"ಸೋರ್ತಿದ್ರೆ, ಅಕ್ಕ?"

"ಸೋರಿದ್ರೆ ನೆಲ ಒರೆಸ್ತೀನಿ. ಹೋಗು."

ನಿನ್ನೆ ನಲವತ್ತೊಂದನೇ ಸಲ. ಇದೂ ಸೋರಿದ್ರೆ ರಿಂಗಿನ ಕೆಲಸಾನೇ ನಿಲ್ಲಿಸ್ತೀವಿ ಅಂತ ಮೇಲಿನೋರು ಹೇಳಿದ್ರು.

ಹೆದರಿಬಿಟ್ಟೆ. ಕಪಾಟಲ್ಲಿ ಒಂದು ನೀಲಿ ಡಬ್ಬಿ ಇದೆ. ಹೋಲಿಸಿ ನೋಡೋಕೆ ಅಂತ ಉಳಿಸಿದ್ದ ಹೊರದೇಶದ ರಿಂಗುಗಳು ಅದರಲ್ಲಿ. ಯಾರೂ ಇಲ್ಲದಾಗ ಒಂದು ತೆಗೆದು ಸಿಲಿಂಡರಿಗೆ ಹಾಕಿದೆ. ನನ್ನದನ್ನ ಜೇಬಿಗೆ ಸೇರಿಸಿದೆ.

ಎಂಟು ಗಂಟೆ ಹಾಯಾಗಿ ಕೂತಿದ್ದೆ. ಒಂದು ಸಲಾನೂ ಬಿಚ್ಚಲಿಲ್ಲ. ಯಾಕೆ ಬಿಚ್ಚಲಿ, ಹೊರದೇಶದ್ದಲ್ವಾ.

ಒಂದು ಹನಿ ಸೋರಲಿಲ್ಲ.

ಮೇಯ್ ಅಕ್ಕ ಬೆನ್ನಿಗೊಂದು ಕೊಟ್ಲು. ಗುರುಗಳು ಕಾಗದ ತಂದಿಟ್ರು. 'ಇಲ್ಲೇ ಮಾಡಿದ ರಿಂಗು, ಸೋರಿಲ್ಲ' ಅಂತ ಬರೆದಿತ್ತು. ಕೆಳಗೆ ನನ್ನ ಹೆಸರು.

ಪೆನ್ನು ಹಿಡಿದೆ. ಆ ವಿಮಾನ ಹಾರಿಸಬೇಕಾದ ಪೈಲಟಮ್ಮ ನೆನಪಾದ್ರು. ದಿನಾ ಶೆಡ್ಡಿಗೆ ಬಂದು "ನನ್ನ ಚಕ್ರ ಯಾವಾಗಪ್ಪಾ?" ಅಂತ ಕೇಳೋರು. ನಾನು ಸಹಿ ಹಾಕಿದ್ರೆ, ನಾನು ಮಾಡಿದ ಸೋರೋ ರಿಂಗು ಅವರ ವಿಮಾನಕ್ಕೆ ಹೋಗುತ್ತೆ. ಪೆನ್ನು ಕೆಳಗಿಟ್ಟೆ.

"ಗುರುಗಳೇ, ಒಳಗಿರೋದು ನಂದಲ್ಲ. ನೀಲಿ ಡಬ್ಬೀದು."

ಬೈತಾರೆ ಅಂದ್ಕೊಂಡೆ. ಅವರು ಎದ್ದು ಹೋಗಿ ಡಬ್ಬಿ ತಂದು ನನ್ನ ಮುಂದೆ ತೆರೆದ್ರು.

"ಹೊರದೇಶದ್ದು ಯಾವತ್ತೋ ಮುಗೀತು."

"ಮತ್ತೆ ಇವು?"

"ನಿನ್ನ ನಲವತ್ತನೇ ಹದದ್ದು. ನೀನು ಕಸಕ್ಕೆ ಹಾಕಿದ್ದೆ. ಅದರಲ್ಲಿ ಸಿಲಿಂಡರಿಗೆ ಹಾಕದೇ ಉಳಿದಿದ್ದವನ್ನ ನಾನು ಈ ಡಬ್ಬೀಲಿ ಎತ್ತಿಟ್ಟೆ."

"ಅದು ಸೋರಿತ್ತು, ಗುರುಗಳೇ."

"ನೀನು ಎಂಟು ಸಲ ಬಿಚ್ಚಿದ್ದೆ. ಪ್ರತಿ ಸಲವೂ ರಿಂಗಿನ ಅಂಚಿಗೆ ಒಂದೊಂದು ಗೀರು ಬಿತ್ತು."

"ಅದನ್ನ ನನಗೆ ಹೇಳಬಾರದಿತ್ತಾ?"

"ಮೇಯ್ ದಿನಾ ಹೇಳ್ತಿದ್ದಳಲ್ಲ."

ಮೇಯ್ ಅಕ್ಕ ತಿರುಗಿ ಕಿಟಕಿ ಕಡೆ ನೋಡಿದ್ಲು. ನಗ್ತಿದ್ಲು, ನನಗೆ ಗೊತ್ತಾಯ್ತು.

ಅಂದ್ರೆ ಪಾಸಾಗಿದ್ದು ನಂದೇ. ನಾನೇ ಮಾಡಿದ್ದು, ನಾನೇ ಬಿಸಾಕಿದ್ದು. "ಹಾಗಾದ್ರೆ ಸಹಿ ಹಾಕ್ಲಾ?" ಅಂದೆ.

ಗುರುಗಳು ಕಾಗದ ಮಡಚಿ ಇಟ್ಕೊಂಡ್ರು. "ರಿಂಗು ಪಾಸಾಯ್ತು. ನೀನು ಇನ್ನೂ ಆಗಿಲ್ಲ. ನಾಳೆ ಜೇಬಲ್ಲಿರೋದನ್ನ ಹಾಕು."

ಇವತ್ತು ಬೆಳಿಗ್ಗೆ ಅದನ್ನೇ ಹಾಕಿದೆ. ನಂದು ಅಂತ ಗೊತ್ತಿದ್ದೇ ಹಾಕಿದೆ. ಚಳಿಪೆಟ್ಟಿಗೆ ಬಾಗಿಲು ಮುಚ್ಚಿದ್ವಿ. ಗುರುಗಳು ನದಿ ಕಡೆ ಹೊರಟೋರು ವಾಪಸ್ ಬಂದು ನನ್ನ ಕೈಗೆ ಸ್ಪ್ಯಾನರ್ ಕೊಟ್ರು.

"ಬಿಚ್ಚಿ ನೋಡ್ಬೇಕು ಅನ್ಸಿದ್ರೆ, ಇದು ಬೇಕಾಗುತ್ತೆ."

ಇನ್ನೂ ಆರು ಗಂಟೆ ಇದೆ. ಸ್ಪ್ಯಾನರ್ ನನ್ನ ತೊಡೆ ಮೇಲೇ ಇದೆ. ನೀವಾಗಿದ್ರೆ ಏನ್ ಮಾಡ್ತಿದ್ರಿ?