ಬಲೆ ಹೆಣೆಯುವವನ ಬೆರಳು

ಶಿಷ್ಯನೊಬ್ಬ ಕೇಳಿದ: “ಗುರುಗಳೇ, ಪಡೆದವನು ಕೃತಜ್ಞನಾಗಿರುವುದು ಸಹಜ. ನನಗೆ ಯಾರೂ ಏನನ್ನೂ ಕೊಟ್ಟಿಲ್ಲ. ನಾನು ಯಾವುದಕ್ಕೆ ಕೃತಜ್ಞನಾಗಿರಲಿ?”

ಗುರುಗಳು ಒಂದು ಕತೆ ಹೇಳಿದರು.

ಬಹಳ ಹಿಂದೆ ಯೂರೋಪಿನ ಬಡಗಣ ಕಡಲತೀರದಲ್ಲಿ ಜರ್ಮನಿಕ್ ಬುಡಕಟ್ಟಿನ ಜನ ವಾಸವಾಗಿದ್ದರು. ಹೊಡೆದಾಟದಲ್ಲಿ ಯಾರಿಗಾದರೂ ಗಾಯವಾದರೆ ಸೇಡಿನ ಕೊಲೆಗೆ ಹೋಗದೆ, ಸಭೆ ಸೇರಿ ಪರಿಹಾರ ಗೊತ್ತುಮಾಡುತ್ತಿದ್ದರು. ಅದಕ್ಕಾಗಿ ಅವರು ಮೈಯನ್ನು ಚೆನ್ನಾಗಿ ಅರಿತಿದ್ದರು. ಗಾಯದ ಉದ್ದವನ್ನು ಹೆಬ್ಬೆರಳಿನ ಗೆಣ್ಣಿನಿಂದ ಅಳೆಯುತ್ತಿದ್ದರು. ಕೀಲಿನ ನೀರು ಸೋರಿತೇ ಎಂದು ವಿಚಾರಿಸುತ್ತಿದ್ದರು. ಗಾಯ ಮಾಯ್ದ ಮೇಲೂ ಆ ಅಂಗಕ್ಕೆ ಬಿಸಿ ತಂಪು ತಿಳಿಯದಿದ್ದರೆ ಪರಿಹಾರ ಹೆಚ್ಚುತ್ತಿತ್ತು.

ಅಲ್ಲಿ ಬಲೆ ಹೆಣೆಯುವವನೊಬ್ಬನಿದ್ದ. ಮೇವಿನ ಜಗಳದಲ್ಲಿ ದನಗಾಹಿಯೊಬ್ಬ ಬೀಸಿದ ಕುಡುಗೋಲು ಅವನ ಬಲಗೈಗೆ ತಾಗಿತು. ಗಾಯ ಮಾಯಿತು, ಬೆರಳುಗಳು ಮಡಚುವಂತಾದವು. ಆದರೆ ಹೆಬ್ಬೆರಳು, ತೋರುಬೆರಳುಗಳಲ್ಲಿ ಸ್ಪರ್ಶವೇ ಉಳಿಯಲಿಲ್ಲ. ನೂಲು ಹಿಡಿದದ್ದು ತಿಳಿಯದು, ಗಂಟು ಬಿಗಿದದ್ದು ತಿಳಿಯದು. ಒಮ್ಮೆ ಒಲೆಯ ಬಳಿ ತೋರುಬೆರಳು ಸುಟ್ಟಿತು. ಚರ್ಮ ಕಮರಿದ ವಾಸನೆ ಬಂದ ಮೇಲೆಯೇ ಅವನಿಗೆ ಗೊತ್ತಾಯಿತು. ಚಳಿಗಾಲವಿಡೀ ಅವನು ಒಂದು ಬಲೆಯನ್ನೂ ಮುಗಿಸಲಿಲ್ಲ.

ಮಂಜು ಕರಗಿದ ಮೇಲೆ ಸಭೆ ಸೇರಿತು. ಅವನು ಅಣ್ಣನ ಜೊತೆ ಹೊರಟ. ದಾರಿಯಲ್ಲಿ ತೊರೆಯ ಬಳಿ ನೀರು ಕುಡಿಯಲು ಬಗ್ಗಿದ. ಬೊಗಸೆಯನ್ನು ನೀರಿಗಿಳಿಸಿದಾಗ ತೋರುಬೆರಳಿನ ತುದಿಯಲ್ಲಿ ಏನೋ ಚುಚ್ಚಿದಂತಾಯಿತು. ಕೈ ಹೊರತೆಗೆದ, ಮತ್ತೆ ಮುಳುಗಿಸಿದ. ನೀರು ಕೊರೆಯುತ್ತಿತ್ತು. ನೋವು ಮೊಣಕೈವರೆಗೆ ಏರಿದರೂ ಅವನು ಕೈ ತೆಗೆಯಲಿಲ್ಲ. ಅವನ ಕಣ್ಣು ತುಂಬಿ ಬಂತು.

ಅಣ್ಣನಿಗೆ ವಿಷಯ ತಿಳಿಯಿತು. “ಇದನ್ನು ಯಾರಿಗೂ ಹೇಳಬೇಡ. ಬೆರಳಿನೊಳಗೆ ಇಣುಕಿ ನೋಡುವವರು ಯಾರೂ ಇಲ್ಲ, ನೀನು ಆಣೆಯಿಟ್ಟು ಹೇಳಿದ್ದೇ ಸತ್ಯವಾಗುತ್ತದೆ. ತಿಳಿಯುವುದಿಲ್ಲ ಎಂದರೆ ನಾಲ್ಕು ಹಸು, ತಿಳಿಯುತ್ತದೆ ಎಂದರೆ ಒಂದೇ. ಮನೆಯಲ್ಲಿ ಹಿಟ್ಟು ಮುಗಿದಿದೆ, ನೆನಪಿರಲಿ,” ಎಂದ.

ತಮ್ಮ ಕೈ ಒರೆಸಿಕೊಂಡು ಎದ್ದ. ಹಿಟ್ಟು ಮುಗಿದದ್ದು ನಿಜವಾಗಿತ್ತು.

ಸಭೆಯಲ್ಲಿ ಹಿರಿಯ ಅವನ ಗಾಯವನ್ನು ಅಳೆದು ಕೇಳಿದ: “ಆಣೆಯಿಟ್ಟು ಹೇಳು. ಈ ಬೆರಳುಗಳಿಗೆ ಬಿಸಿ ತಂಪು ತಿಳಿಯುತ್ತದೆಯೇ?”

ದನಗಾಹಿ ತಲೆ ತಗ್ಗಿಸಿ ನಿಂತಿದ್ದ. ಅವನ ಬಳಿ ಇದ್ದದ್ದೇ ನಾಲ್ಕು ಹಸು. ಬಲೆ ಹೆಣೆಯುವವನು ಅಣ್ಣನ ಮುಖ ನೋಡಿದ, ಆಮೇಲೆ ತನ್ನ ಕೈ ನೋಡಿಕೊಂಡ. ತಿಳಿಯುವುದಿಲ್ಲ ಎನ್ನಲು ಬಾಯಿ ತೆರೆದ. ಆ ಮಾತು ಹೊರಡಲಿಲ್ಲ. ಆರು ತಿಂಗಳು ಕಾದು ಬಂದದ್ದನ್ನು ಬಂದಿಲ್ಲ ಎನ್ನಲು ಅವನಿಂದ ಆಗಲಿಲ್ಲ.

“ನಿನ್ನೆಯವರೆಗೆ ತಿಳಿಯುತ್ತಿರಲಿಲ್ಲ,” ಎಂದ. “ಈ ದಿನ ಒಂದು ಬೆರಳಿಗೆ ತಿಳಿಯಿತು. ತೊರೆಯ ನೀರು ತಣ್ಣಗಿತ್ತು.”

ಹಿರಿಯ ಒಂದು ಹಸು ಕೊಡಿಸಿದ. ದನಗಾಹಿ ತನ್ನ ನಾಲ್ಕರಲ್ಲಿ ಹೆಚ್ಚು ಹಾಲು ಕೊಡುವ ಹಸುವನ್ನೇ ಆರಿಸಿ, ಹಗ್ಗವನ್ನು ಅವನ ಎಡಗೈಗೆ ಕೊಟ್ಟ. ಅಣ್ಣ ತಮ್ಮನಿಗಾಗಿ ಕಾಯದೆ ಮುಂದೆ ನಡೆದ.

ಮನೆಯ ಬಾಗಿಲಲ್ಲಿ ಹೆಂಡತಿ ಒಂದೇ ಹಸುವನ್ನು ನೋಡಿ, “ಇಷ್ಟೇನಾ?” ಎಂದಳು. ಅವನು ಹಗ್ಗ ಬಿಟ್ಟು ತೋರುಬೆರಳನ್ನು ಅವಳ ಕೆನ್ನೆಗೆ ಮುಟ್ಟಿಸಿದ. “ಬೆಚ್ಚಗಿದೆ,” ಎಂದ. ಅವಳು ಆ ಕೈಯನ್ನು ಹಿಡಿದುಕೊಂಡು ಅಳತೊಡಗಿದಳು. ಮತ್ತೆ ಹಸುವಿನ ಮಾತೆತ್ತಲಿಲ್ಲ.

ಕತೆ ಮುಗಿಯಿತು. ಶಿಷ್ಯನಿಗೆ ಸಮಾಧಾನವಾಗಲಿಲ್ಲ. “ಗುರುಗಳೇ, ಅವನಿಗೆ ಮರಳಿ ಬಂದದ್ದು ಅವನದೇ ಬೆರಳು. ಅದರಲ್ಲಿ ಹೊಸದಾಗಿ ಸಿಕ್ಕಿದ್ದೇನು?” ಎಂದ.

ಗುರುಗಳು ಕೇಳಿದರು: “ಈ ಬೆಳಿಗ್ಗೆ ನೀನು ಮುಖ ತೊಳೆದ ನೀರು ತಣ್ಣಗಿತ್ತೋ, ಬೆಚ್ಚಗಿತ್ತೋ?”

ಶಿಷ್ಯ ನೆನಪಿಸಿಕೊಳ್ಳಲು ನೋಡಿದ. ನೆನಪಾಗದೆ ತನ್ನ ಬೆರಳುಗಳನ್ನು ನೋಡಿಕೊಂಡ.