ಉಂಡೆಯ ಅಳತೆ

ಹೊಲದ ಇಲಿಯೊಂದು ಮೊದಲ ಸಲ ಬಿಲ ಬಿಟ್ಟು ಹೊರಟದ್ದು ಯುಗಾದಿಯ ಮಾರನೆಯ ದಿನ. ಆಮೇಲೆ ಅದು ಎಲ್ಲೂ ಕಾಲೂರಿ ನಿಂತದ್ದಿಲ್ಲ. ಹೀಗೇ ಅಲೆಯುತ್ತ ಎಮ್ಮೆ ಮೇಯುವ ಬಯಲಿಗೆ ಬಂದಾಗ, ಸಗಣಿ ಹುಳವೊಂದು ಒಮ್ಮೆ ಚಿಕ್ಕ ಉಂಡೆಯನ್ನು, ಒಮ್ಮೆ ದೊಡ್ಡದನ್ನು ತಳ್ಳಿ ತಳ್ಳಿ ನೋಡುತ್ತಿತ್ತು.

“ಏನಮ್ಮ, ಈ ವಯಸ್ಸಲ್ಲಿ ಗೋಲಿಯಾಟವೇ?” ಎಂದಿತು ಇಲಿ.

“ಆಟವಲ್ಲಣ್ಣ. ಇದರೊಳಗೆ ಮೊಟ್ಟೆಯಿಡಬೇಕು. ಉಂಡೆ ದೊಡ್ಡದಾದಷ್ಟೂ ಮರಿಗೆ ಹೊಟ್ಟೆ ತುಂಬ ಊಟ. ಆದರೆ ಹುಳ ಹೆಕ್ಕುವ ಗೊರವಂಕ ಹಕ್ಕಿ ಬರುವುದರೊಳಗೆ ನಾನು ಬಿಲ ಸೇರಬೇಕು. ಅದೇ ಬಲ ಹಾಕಿದರೆ ಚಿಕ್ಕದು ತಟ್ಟನೆ ವೇಗ ಹಿಡಿಯುತ್ತದೆ, ದೊಡ್ಡದು ಸೋಮಾರಿಯ ಹಾಗೆ ಏಳುತ್ತದೆ. ನಮ್ಮ ಯಜಮಾನರೂ ಹೆಗಲು ಕೊಟ್ಟರೆ ದೊಡ್ಡದೂ ಚಿಕ್ಕದರ ಹಾಗೇ ಓಡುತ್ತದೆ. ಹಾಗಾಗಿ ದೊಡ್ಡದೇ ಇರಲಿ.”

ಇಲಿ ತಲೆದೂಗಿತು.

ಗಂಡಹೆಂಡತಿ ಅರ್ಧ ದಾರಿ ತಳ್ಳಿದ್ದರು. ಉಂಡೆ ಮಣ್ಣಿನ ಹೆಂಟೆಗೆ ತಾಗಿ ನಿಂತಿತು. ಅಷ್ಟರಲ್ಲಿ ಗೊರವಂಕ ಬಯಲಿಗಿಳಿಯಿತು. ಗಂಡುಹುಳ ಸದ್ದಿಲ್ಲದೆ ಹುಲ್ಲಿನೊಳಗೆ ನುಸುಳಿತು. ಹೆಣ್ಣುಹುಳ ಒಂಟಿಯಾಗಿ ಎಷ್ಟು ತಳ್ಳಿದರೂ ಉಂಡೆ ವೇಗ ಹಿಡಿಯಲೊಲ್ಲದು.

“ಬಿಟ್ಟು ಓಡಮ್ಮ,” ಎಂದು ಇಲಿ ಕೂಗಿತು.

“ಮರಿ ಏನು ತಿನ್ನಬೇಕು?” ಎಂದಿತು ಹುಳ, ತಳ್ಳುವುದನ್ನು ನಿಲ್ಲಿಸದೆ.

ಅದರ ಛಲ ನೋಡಿ ಇಲಿಗೆ ಸುಮ್ಮನಿರಲಾಗಲಿಲ್ಲ. ಓಡಿಬಂದು ಹೆಗಲು ಕೊಟ್ಟಿತು. ಉಂಡೆ ಸರ್ರನೆ ಉರುಳಿ ಬಿಲ ಸೇರಿತು. ಗೊರವಂಕಕ್ಕೆ ಸಿಕ್ಕಿದ್ದು ಬರೀ ದೂಳು.

ಮರುದಿನ ಬೆಳಿಗ್ಗೆ ಇಲಿ ತನ್ನ ಗಂಟು ಕಟ್ಟುತ್ತಿತ್ತು. ಪಕ್ಕದಲ್ಲೇ ಹುಳ ಹೊಸ ಉಂಡೆ ಮಾಡುತ್ತಿತ್ತು.

“ಈ ಸಲ ಯಾಕಮ್ಮ ಇಷ್ಟು ಚಿಕ್ಕದು?”

“ನೀವು ಹೊರಟಿರಲ್ಲಣ್ಣ. ನನ್ನೊಬ್ಬಳ ಬಲಕ್ಕೆ ಇಷ್ಟೇ ಸರಿ.”

ಇಲಿ ಗಂಟಿನ ಉಳಿದ ತುದಿಯನ್ನೂ ಬಿಗಿಯಿತು.